ಫುಟ್‌ರೆಸ್ಟಿಗೆ ಅರಿಶಿನ ಹಚ್ಚಿದವರು ಯಾರು?

ನಮ್ಮಣ್ಣ ಕೊರಟಗೆರೆ ರಸ್ತೆಯ ಹುಣಿಸೆಮರದ ತಿರುವಿನಲ್ಲಿ ಬೈಕನ್ನು ಎಷ್ಟು ಮಲಗಿಸಿದನೆಂದರೆ, ಫುಟ್‌ರೆಸ್ಟ್ ಟಾರಿಗೆ ಉಜ್ಜಿ ಕಿಡಿ ಹಾರಿತಂತೆ. ಇದು ಮಧುಗಿರಿಯಲ್ಲಿ ಚಾಲ್ತಿಯಲ್ಲಿರುವ ಪಾಠ. ಇದೇ ಕಥೆ ಶಿರಾಕ್ಕೆ ಹೋಗುವಷ್ಟರಲ್ಲಿ ಕಿಡಿಯ ಜೊತೆ ಹೊಗೆಯೂ ಎದ್ದಿರುತ್ತದೆ. ಪಾವಗಡ ಮುಟ್ಟುವಷ್ಟರಲ್ಲಿ ಅಣ್ಣನ ಮೊಣಕಾಲೇ ರಸ್ತೆಗೆ ತಾಗಿ ಪ್ಯಾಂಟು ಹರಿದುಹೋಗಿರುತ್ತದೆ. ಅಣ್ಣನ ಪ್ಯಾಂಟುಗಳನ್ನು ಒಗೆಯುವುದು ನಮ್ಮ ಹಿತ್ತಲ ಕಲ್ಲಿನ ಮೇಲೆ; ನಾನೂ ಒಗೆದಿದ್ದೇನೆ. ಹರಿದ ಮೊಣಕಾಲು ನನ್ನ ಕಣ್ಣಿಗೆ ಒಮ್ಮೆಯೂ ಬಿದ್ದಿಲ್ಲ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಲಿಸಿದ್ದು ಒಂದೇ: ಎದುರಿನವರು ಹೇಳಿದ್ದನ್ನು ಅಲ್ಲಗಳೆಯುವ ಮೊದಲು, ಅವರು ಕಂಡದ್ದೆಷ್ಟು, ಕೇಳಿದ್ದೆಷ್ಟು, ಸೇರಿಸಿದ್ದೆಷ್ಟು ಎಂದು ಬಿಡಿಸಿ ಇಡು. ಈ ಕಥೆಗೆ ಇದ್ದ ಸಾಕ್ಷಿ ಎರಡು. ಒಂದು, ಬೈಕಿನ ಎಡಗಡೆಯ ಫುಟ್‌ರೆಸ್ಟ್. ಅದರ ರಬ್ಬರನ್ನು ಅಣ್ಣ ಕಿತ್ತು ಹಾಕಿದ್ದ. ಕಬ್ಬಿಣದ ತುದಿ ಕೆಳಭಾಗದಲ್ಲಿ ಓರೆಯಾಗಿ ಸವೆದು ಬೆಳ್ಳಗೆ ಹೊಳೆಯುತ್ತಿತ್ತು. ಟೀ ಅಂಗಡಿಯ ಮುಂದೆ ಅವನು ಗಾಡಿ ನಿಲ್ಲಿಸುವಾಗ ಎಡಮಗ್ಗುಲು ಬೆಂಚಿನ ಕಡೆಗೇ ಬರುವಂತೆ ನಿಲ್ಲಿಸುತ್ತಿದ್ದ. ಹುಡುಗರು ಬಗ್ಗಿ ನೋಡಿ, ಬೆರಳಲ್ಲಿ ಸವರಿ, ‘ಅಬ್ಬಬ್ಬಾ’ ಎಂದು ಟೀ ಕುಡಿಯುತ್ತಿದ್ದರು.

ಎರಡನೆಯ ಸಾಕ್ಷಿ, ಅಂದು ಅಣ್ಣನ ಹಿಂದೆ ಕೂತಿದ್ದ ಅವನ ಶಿರಾದ ಗೆಳೆಯ. ಅಪ್ಪನ ಚಪ್ಪಲಿ ಅಂಗಡಿ ನೋಡಿಕೊಳ್ಳುವ ಇವನು ಮಾತಿಗೆ ಕೂತರೆ ಒಂದು ಜೋಡಿ ಕೇಳಿದವರಿಗೆ ಎರಡು ಜೋಡಿ ಕಟ್ಟಿಕೊಡುವ ಆಸಾಮಿ. ಒಂದು ಸಂಜೆ ಅಣ್ಣನ ಜೊತೆ ಕೂತಿದ್ದ ಅವನನ್ನು ನಮ್ಮ ಜಗಲಿಯ ಮೇಲೆಯೇ ಹಿಡಿದೆ.

“ಕಿಡಿ ಹಾರಿದ್ದು ನೀನೇ ನೋಡ್ದಾ?”

“ಖುದಾ ಕಸಮ್, ತಂಗಿ! ಸರ್ರಂತ ಹಾರ್ತು.”

“ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಕಿಡಿ ಕಂಡಿತಾ?”

“ಕಾಣೋಕೆ ಎಲ್ಲಿ, ನಾನು ಕಣ್ಮುಚ್ಕಂಡು ನಿಮ್ಮಣ್ಣನ್ನ ತಬ್ಕೊಂಡಿದ್ದೆ. ಆದ್ರೆ ಕೇಳುಸ್ತು.”

“ಕಿಡಿ ಕೇಳುಸ್ತಾ?”

“ನೋಡ್ಲಾ ನಿನ್ ತಂಗೀನ! ಇವ್ಳು ಲಾಯರಿಕೆ ಓದ್ಲಿ ಕಣ್ಲಾ, ಊರಿಗೆ ನೆಮ್ಮದಿ.”

ನಾನು ಬಿಡಲಿಲ್ಲ. ಮಧುಗಿರಿಯಿಂದ ಹೋಗುವಾಗ ಆ ತಿರುವು ಇರುವುದು ಬಲಕ್ಕೆ. ಬಲಕ್ಕೆ ತಿರುಗುವ ಬೈಕು ಬಲಕ್ಕೇ ವಾಲುತ್ತದೆ. ಹಾಗಿದ್ದಮೇಲೆ ಸವೆಯಬೇಕಾದ್ದು ಬಲಗಡೆಯದು. ಸವೆದಿರುವುದು ಎಡಗಡೆಯದು. ಇದನ್ನು ಹೇಳಿದಾಗ ಅಣ್ಣ ಸ್ವಲ್ಪ ಹೊತ್ತು ಹುಣಿಸೆಮರವನ್ನು ಮನಸ್ಸಿನಲ್ಲೇ ಸುತ್ತಿ ಬಂದ.

“ಅದು ವಾಪಸ್ ಬರ್ಬೇಕಾದ್ರೆ ಆಗಿದ್ದು.”

“ಇಷ್ಟು ದಿನ ಹೋಗ್ಬೇಕಾದ್ರೆ ಅಂತಿದ್ದೆ.”

“ಹೋಗ್ದೆ ವಾಪಸ್ ಬರಕ್ಕಾಗುತ್ತೇನೇ? ನಿನ್ ಡಿಬೇಟೆಲ್ಲಾ ಕಾಲೇಜಲ್ಲೇ ಮಡಿಕ್ಕೊ.”

ಅಲ್ಲಿಗೆ ಚರ್ಚೆ ಮುಗಿಯಿತು, ಅಂದರೆ ಅವನು ಎದ್ದು ಹೋದ. ಕಥೆ ಮಾತ್ರ ಎಂದಿನಂತೆ ಓಡಾಡಿಕೊಂಡಿತ್ತು.

ಅದು ಓಡಾಡಿ ಓಡಾಡಿ ಕೊನೆಗೆ ಅಣ್ಣನ ಕಾಲಿಗೇ ತೊಡರಿಕೊಂಡಿತು. ಪಾವಗಡದ ಕಡೆಯ ಒಂದು ಹುಡುಗಿಯನ್ನು ಅಣ್ಣನಿಗೆ ನೋಡಿದ್ದರು. ನೋಡಿ ಬಂದ ದಿನ ಅವನು ಉಪ್ಪಿಲ್ಲದ ಸಾರನ್ನು ಎರಡನೆಯ ಸಲ ಬಡಿಸಿಕೊಂಡು ಉಂಡ. ಅಮ್ಮ ನನ್ನ ಮುಖ ನೋಡಿದಳು, ನಾನು ಅಮ್ಮನ ಮುಖ ನೋಡಿದೆ. ಹುಡುಗ ಒಪ್ಪಿದ್ದಾನೆ ಎನ್ನಲು ಬೇರೆ ಸಾಕ್ಷಿ ನನಗೂ ಬೇಕಿರಲಿಲ್ಲ. ಹುಡುಗಿಯೂ ಒಪ್ಪಿದ್ದಾಳೆಂದು ಸುದ್ದಿ ಬಂತು. ಉಳಿದಿದ್ದು ಅವಳ ಸೋದರಮಾವನ ಒಪ್ಪಿಗೆ. ಅಪ್ಪನಿಲ್ಲದ ಹುಡುಗಿಯನ್ನು ಸಾಕಿದವರು ಅವರೇ. ಹಿಂದೊಮ್ಮೆ ಯಾರದೋ ಬೈಕಿನ ಹಿಂದೆ ಕೂತು ಬಿದ್ದು ಕಾಲು ಮುರಿದುಕೊಂಡು ಇಂದಿಗೂ ಎಳೆದುಕೊಂಡೇ ನಡೆಯುತ್ತಾರೆ.

ಹುಡುಗ ಹೇಗೆ ಎಂದು ಊರಲ್ಲಿ ವಿಚಾರಿಸುವುದು ನಮ್ಮ ಕಡೆಯ ರಿವಾಜು. ಮಾವನವರು ಮಧುಗಿರಿಗೆ ಬಂದಾಗ ಸೀದಾ ಆ ಟೀ ಅಂಗಡಿಗೇ ಹೋಗಿದ್ದಾರೆ. ಅಣ್ಣನ ಪಟಾಲಂಗೆ ಇವರು ಹೆಣ್ಣಿನ ಕಡೆಯವರು ಎಂದು ಗೊತ್ತಾದದ್ದೇ ತಡ, ಗೆಳೆಯನ ಬಾಳು ಬೆಳಗಿಸಿಬಿಡಬೇಕೆಂಬ ಉಮೇದಿನಲ್ಲಿ, ಹುಡುಗ ಕುಡಿಯಲ್ಲ, ಸೇದಲ್ಲ ಎನ್ನುವ ಸಪ್ಪೆ ಮಾತುಗಳನ್ನೆಲ್ಲ ಬದಿಗೊತ್ತಿ, ಇದ್ದುದರಲ್ಲಿ ಅತ್ಯುತ್ತಮ ಶಿಫಾರಸ್ಸನ್ನೇ ಎತ್ತಿ ಕೊಟ್ಟಿದ್ದಾರೆ: “ನಮ್ ಹುಡ್ಗ ಗಾಡಿ ಮಲಗ್ಸಿದ್ರೆ ರೋಡೇ ಹತ್ಕಂಡು ಉರೀತದೆ ಸಾರ್!”

ಮಾವನವರು ಟೀ ಅರ್ಧಕ್ಕೇ ಬಿಟ್ಟು ಹೋದರಂತೆ. ಮಾರನೆಯ ದಿನ ಅಮ್ಮನಿಗೆ ಅವರ ಫೋನು, ಪಾವಗಡದ ತೆಲುಗು ಬೆರೆತ ಕನ್ನಡದಲ್ಲಿ. “ಅಬ್ಬಾಯಿ, ನಿಮ್ ಹುಡ್ಗ, ಬಂಗಾರದಂಥೋನೇ ಇರ್ಬೋದಮ್ಮ. ನಮ್ ಹುಡ್ಗೀನ ಹಿಂದೆ ಕೂಡ್ಸ್ಕೊಂಡು ಮಲಗ್ಸುದ್ರೆ ಏನು ಗತಿ ಚೆಪ್ಪಮ್ಮಾ? ಭಾನುವಾರ ಹುಡ್ಗೀನೂ ಕರ್ಕೊಂಡು ಬತ್ತೀನಿ. ಎದುರಿಗೇ ಕೇಳಿ ತೀರ್ಮಾನ ಮಾಡಾಣ.”

ಅಂದು ಅಣ್ಣ ನನ್ನ ಕೋಣೆಯ ಬಾಗಿಲಲ್ಲಿ ಬಂದು ನಿಂತ.

“ಲೇ, ಅವತ್ತು ನೀನೇ ತಾನೆ ಇದೆಲ್ಲಾ ಸುಳ್ಳು ಅಂದಿದ್ದು? ಅದನ್ನೇ ಭಾನುವಾರ ಅವ್ರಿಗೆ ಹೇಳು.”

“ಅಂದ್ರೆ ಸುಳ್ಳು ಅಂತ ಒಪ್ಕೊತೀಯಾ?”

“ನಾನ್ಯಾಕೆ ಒಪ್ಕೊಳ್ಲಿ? ನೀನು ವಾದ ಮಾಡು.”

ಗೆದ್ದರೆ ಮದುವೆ ಉಳಿಯುತ್ತದೆ, ಟೀ ಅಂಗಡಿಯ ಬೆಂಚು ಹೋಗುತ್ತದೆ. ಇದು ಅವನಿಗೂ ಗೊತ್ತಿತ್ತು. ಬೆಂಚನ್ನು ಬಿಟ್ಟುಕೊಡಲು ತಯಾರಾಗಿದ್ದ. ಆದರೆ ತನ್ನ ಬಾಯಲ್ಲಿ ಬೇಡ, ತಂಗಿಯ ಬಾಯಲ್ಲಿ ಹೋಗಲಿ ಎನ್ನುವಷ್ಟು ಮಾನ ಉಳಿದಿತ್ತು.

ಎಡ-ಬಲದ ತರ್ಕ ಸಾಲದು ಎಂದು ನನಗನ್ನಿಸಿತ್ತು. ‘ಬರುವಾಗ’ ಎಂದುಬಿಟ್ಟರೆ ಅದು ಬಿದ್ದುಹೋಗುತ್ತದೆ. ಕಬ್ಬಿಣವೇನೋ ಸವೆದಿದೆ, ಸವೆಸಿದ್ದು ಯಾವುದು? ಟಾರ್ಚು ಹಿಡಿದು ಫುಟ್‌ರೆಸ್ಟಿನ ಕೆಳಗೆ ತಲೆ ಹಾಕಿದೆ. ಗೀರುಗಳ ಸಂದಿಯಲ್ಲಿ ಏನೋ ಮೆತ್ತಿಕೊಂಡಿತ್ತು. ಉಗುರಿನಿಂದ ಕೆರೆದು ಬೆಳಕಿಗೆ ಹಿಡಿದೆ. ಹಳದಿ. ಮೂಸಿದೆ. ಅರಿಶಿನ!

ಕೊರಟಗೆರೆ ರಸ್ತೆಗೆ ಅರಿಶಿನ ಹಚ್ಚುವವರು ಯಾರು?

ಉತ್ತರ ಆ ಸಂಜೆಯೇ ಗಂಟಲು ಹರಿದುಕೊಂಡು ಕೂಗಿತು. ನಮ್ಮದು ಸೈಜುಗಲ್ಲಿನ ಹಳೆಯ ಮನೆ. ಬೀದಿಯಲ್ಲಿ ಗಾಡಿ ಬಿಟ್ಟರೆ ಪೆಟ್ರೋಲು ಮಾಯವಾಗುತ್ತದೆಂದು ಕತ್ತಲಾಗುತ್ತಿದ್ದಂತೆ ಎಲ್ಲರೂ ಬೈಕುಗಳನ್ನು ಒಳಗೆ ತರುತ್ತಾರೆ. ನಮ್ಮ ನಡುಮನೆಯಲ್ಲಿ ಅಕ್ಕಿ ಮೂಟೆಯ ಪಕ್ಕ ಅದಕ್ಕೊಂದು ಜಾಗವಿದೆ. ಮೆಟ್ಟಿಲಿಗೆ ಹಲಗೆ ಹಾಕಿ ಹತ್ತಿಸಬೇಕು. ಬಾಗಿಲು ಕಿರಿದು, ಹ್ಯಾಂಡಲು ಅಗಲ. ನೆಟ್ಟಗೆ ನುಗ್ಗುವುದಿಲ್ಲ. ಗಾಡಿಯನ್ನು ಎಡಕ್ಕೆ ಮೈಮೇಲೆ ಎಳೆದುಕೊಂಡು, ಚೆನ್ನಾಗಿ ಮಲಗಿಸಿ, ತಿರುಗಿಸಿ ಒಳಗೆ ದೂಡಬೇಕು. ಹಾಗೆ ದೂಡುವಾಗ ಎಡಗಡೆಯ ಫುಟ್‌ರೆಸ್ಟು, ಅಜ್ಜಿ ದಿನಾ ಬೆಳಗ್ಗೆ ತೊಳೆದು ಅರಿಶಿನ-ಕುಂಕುಮ ಇಡುವ ಕಲ್ಲಿನ ಹೊಸಿಲಿನ ಮೇಲೆ ಕರ್ರೆಂದು ಉಜ್ಜಿಕೊಂಡು ಹೋಗುತ್ತದೆ.

“ಲೇ ಮುಂಡೇದೇ, ಹೊಸ್ಲು ಲಕ್ಷ್ಮಿ ಕಣ್ಲಾ! ಅವ್ಳ ಎದೆ ಮೇಲೇ ಗಾಡಿ ಎಳೀತೀಯಲ್ಲೋ!” ಎಂದು ಅಜ್ಜಿ ಕೂಗುವುದು ನಮ್ಮ ಮನೆಯ ದೀಪ ಹಚ್ಚುವ ಹೊತ್ತಿನ ಗಂಟೆಯಿದ್ದಂತೆ. ಅದನ್ನು ಕೇಳುತ್ತಲೇ ಒಳಗೆ ಕೂತು ಚರ್ಚೆಗೆ ತಯಾರಿ ನಡೆಸುತ್ತಿದ್ದ ನನಗೆ, ಇದೂ ಒಂದು ಸಾಕ್ಷ್ಯವೆಂದು ಇಷ್ಟು ದಿನ ಹೊಳೆದಿರಲಿಲ್ಲ.

ಭಾನುವಾರ ಮಾವನವರು ಬಂದರು, ಹುಡುಗಿ ಬಂದಳು. ಕರೆಯದಿದ್ದರೂ ಶಿರಾದ ಗೆಳೆಯ ಇಸ್ತ್ರಿ ಅಂಗಿ ತೊಟ್ಟು ಬಂದ. ಗೆಳೆಯನ ಪರ ಹೇಳಿಕೆ ಕೊಡಲು ಬಂದಿದ್ದಾನಂತೆ! ಕಾಫಿ ಲೋಟ ಕೆಳಗಿಡುವ ಮೊದಲೇ ಮಾವನವರು ನೇರ ವಿಷಯಕ್ಕೆ ಬಂದರು.

“ಮಲಗಿಸ್ತೀಯಂತಲ್ಲಪ್ಪಾ?”

ಅಣ್ಣ ನನ್ನ ಕಡೆ ನೋಡಿದ. ನಾನು ಎದ್ದೆ.

“ಮಲಗಿಸ್ತಾನೆ ಮಾವ, ದಿನಾ ಮಲಗಿಸ್ತಾನೆ. ಎಲ್ಲಿ ಅಂತ ನೀವೇ ನೋಡಿಬಿಡಿ.”

ಫುಟ್‌ರೆಸ್ಟಿನಿಂದ ಕೆರೆದು ತಂದ ಅರಿಶಿನ ತೋರಿಸಿದೆ, ಎಡ-ಬಲ ಹೇಳಿದೆ. ಮಾವನವರು ತಲೆದೂಗಲಿಲ್ಲ. “ಮಾತಲ್ಲಿ ಬಿಡಮ್ಮ, ಮಾತು ಎಲ್ರಿಗೂ ಬತ್ತದೆ,” ಎಂದರು. ಕೊನೆಗೆ ಅಣ್ಣ ಎದ್ದು, ಮಡಿ ಪಂಚೆಯಲ್ಲೇ, ಬೀದಿಯಿಂದ ಬೈಕು ಹತ್ತಿಸಿದ. ಬಾಗಿಲಲ್ಲಿ ವಾಲಿಸಿದ. ಕರ್ರ್! ಹೊಸಿಲ ಮೇಲಿನ ಅರಿಶಿನ ಎದ್ದು ಫುಟ್‌ರೆಸ್ಟಿಗೆ ಬಳಿದುಕೊಂಡಿತು. ಬೀಗರಾಗುವವರು ಕೂತಿದ್ದಾರೆ ಎಂಬುದನ್ನೂ ಮರೆತು ಅಜ್ಜಿ ಒಳಗಿನಿಂದ ಕೂಗಿದಳು: “ಬೆಳಿಗ್ಗೇನೂ ಸುರು ಹಚ್ಕಂಡ್ಯೇನ್ಲಾ? ಹೊಸ್ಲು ಬುಡೋ ನನ್ ಮಗ್ನೇ!”

ಮಾವನವರಿಗೆ ನಗು ಉಕ್ಕಿಬಂತು. ಕಾಲು ಚಾಚಿ, ತೊಡೆ ತಟ್ಟಿ ನಕ್ಕರು. “ಇದಾ ನಿಮ್ ರೋಡು? ಇದಾ ಬೆಂಕಿ? ಸರೇ, ಸರೇ! ಇಷ್ಟು ನಿಧಾನಕ್ಕೆ ಮಲಗ್ಸೋನಾದ್ರೆ ನಾನೇ ಹಿಂದೆ ಕೂತ್ಕೊತೀನಿ!”

ಬಾಗಿಲ ಪಕ್ಕದಲ್ಲಿ ಶಿರಾದ ಗೆಳೆಯ ಮುಖ ಇಳಿಬಿಟ್ಟು ನಿಂತಿದ್ದ. “ಹಂಗಾದ್ರೆ ಅವತ್ತು ನಾನು ಕೇಳಿಸ್ಕೊಂಡಿದ್ದು ಏನು ತಂಗಿ?” ಎಂದು ಮೆಲ್ಲಗೆ ಕೇಳಿದ. ಕಣ್ಮುಚ್ಚಿಕೊಂಡಿದ್ದ ಸಾಕ್ಷಿಯ ಕೈಗೆ ನಾನು ಕಾಫಿ ಲೋಟ ಕೊಟ್ಟೆ. ಅಣ್ಣ ಬೈಕನ್ನು ಹಿಡಿದುಕೊಂಡೇ ನಿಂತಿದ್ದ. ನಗುವುದೋ ಬೇಡವೋ ಗೊತ್ತಾಗದ ಮುಖ. ನನಗೇನೋ ಗೆದ್ದ ಭಾವ. ಗಂಟೆಗೆ ಮೊದಲೇ ವಾದ ಮುಗಿಸಿದ ಸಮಾಧಾನ.

“ನಂದೇನೂ ತಕರಾರಿಲ್ಲಮ್ಮ,” ಎಂದರು ಮಾವನವರು ಅಮ್ಮನಿಗೆ. “ಹುಡ್ಗಿ ಇನ್ನೊಂದ್ಸಲ ಬಾಯ್ಬಿಟ್ಟು ಹೂಂ ಅಂದ್ರೆ, ಇವತ್ತೇ ತಾಂಬೂಲ ಬದಲಾಯಿಸ್ಕೊಳ್ಳಾಣ.”

ಅಷ್ಟು ಹೊತ್ತು ಸೆರಗಿನ ಅಂಚು ಸರಿಮಾಡಿಕೊಳ್ಳುತ್ತ ಕೂತಿದ್ದ ಹುಡುಗಿ ಎದ್ದು ಬಂದಳು. ಫುಟ್‌ರೆಸ್ಟಿನ ಕಡೆ ನೋಡಲೇ ಇಲ್ಲ. ಸೀದಾ ಹಿಂದಿನ ಚಕ್ರದ ಹತ್ತಿರ ಬಗ್ಗಿ, ಟೈರಿನ ಅಂಚನ್ನು ಬೆರಳಿನಿಂದ ಸವರಿದಳು. ಹೊಸ ಟೈರಿಗೆ ಇರುತ್ತವಲ್ಲ ರಬ್ಬರಿನ ಸಣ್ಣ ಸಣ್ಣ ಕೂದಲು, ಅವು ಎರಡೂ ಅಂಚಿನಲ್ಲಿ ಹಾಗೆಯೇ ನಿಂತಿದ್ದವು. ನಡುವಿನ ಪಟ್ಟಿ ಮಾತ್ರ ನುಣ್ಣಗೆ ಸವೆದಿತ್ತು. ಟೈರು ಒಂದು ದಿನವೂ ಅಂಚಿನ ಮೇಲೆ ಓಡಿಲ್ಲ; ಅಂದರೆ ಗಾಡಿ ಯಾವ ತಿರುವಿನಲ್ಲೂ ಮಲಗಿಲ್ಲ. ಇಷ್ಟು ಸುಲಭದ ಸಾಕ್ಷ್ಯವನ್ನು ಬಿಟ್ಟು ನಾನು ಅರಿಶಿನ ಮೂಸುತ್ತ ಕೂತಿದ್ದೆ.

ಅವಳು ಎದ್ದು ನಿಂತು, ಬೆರಳಿನ ಧೂಳು ಒರೆಸಿಕೊಂಡು, ಮಾವನವರಿಗೆ ಕೇಳಿಸದಷ್ಟು, ನನಗೆ ಕೇಳಿಸುವಷ್ಟು ದನಿಯಲ್ಲಿ ಅಣ್ಣನನ್ನು ಕೇಳಿದಳು:

“ಏನ್ರೀ, ಆ ತಿರುವಿನ ಸುದ್ದಿ ಕೇಳೇ ನಾನು ಅವತ್ತು ಹೂಂ ಅಂದಿದ್ದು. ಈಗ ಏನು ನೋಡಿ ಹೂಂ ಅನ್ಲಿ?”