ಸ್ವರ್ಣಲತಾ ಹಾಜರಿದ್ದ ಸಭೆಗಳು

ಬನ್ನಂಜೆಯ ಸ್ವರ್ಣಲತಾ ಯಾರನ್ನೂ ನಂಬುವ ಜಾತಿಯಲ್ಲ. ತರಕಾರಿ ಅಂಗಡಿಯಲ್ಲಿ ತಕ್ಕಡಿಯ ಅಂಕೆ ನಿಲ್ಲುವ ತನಕ ಚೀಲದ ಬಾಯಿ ಬಿಡಿಸುವುದಿಲ್ಲ. ಗ್ಯಾಸಿನವನು ಬಾಗಿಲಲ್ಲಿ ನಿಂತು ಒಟಿಪಿ ಕೇಳಿದರೆ, ಮೊದಲು ಸಿಲಿಂಡರು ಒಳಗೆ ಬರಲಿ, ನಂಬರು ಆಮೇಲೆ ಎನ್ನುತ್ತಾರೆ. ಗಂಡ ಮಸ್ಕತ್ತಿನಿಂದ ಫೋನು ಮಾಡಿ ಊಟ ಆಯಿತು ಎಂದರೆ ಎಂತ ಊಟ ಎಂದು ಕೇಳಿ, ಮರುದಿನ ಅದನ್ನೇ ಇನ್ನೊಮ್ಮೆ ಕೇಳಿ ತಾಳೆ ನೋಡುವ ಹೆಂಗಸು. ಇಪ್ಪತ್ತೆರಡು ವರ್ಷ ಬ್ಯಾಂಕಿನ ತಪಾಸಣಾ ವಿಭಾಗದಲ್ಲಿ ದುಡಿದವರು. ಆ ಬ್ಯಾಂಕು ಇನ್ನೊಂದರೊಳಗೆ ಸೇರಿಹೋಗಿ, ಬಾಯಲ್ಲಿ ಹೆಸರು ತಿರುಗದ ಊರಿಗೆ ವರ್ಗ ಬಂದಾಗ, ರಾಜೀನಾಮೆ ಬಿಸಾಡಿ ಮನೆಗೆ ಬಂದರು. ಬ್ಯಾಂಕು ಹೋಯಿತು, ಗುಣ ಎಲ್ಲಿಗೆ ಹೋಗಬೇಕು?

ಆ ಗುಣಕ್ಕೇ ಸಂಬಳ ಕೊಡುವ ಕೆಲಸವೊಂದು ಮಣಿಪಾಲದಲ್ಲಿ ಸಿಕ್ಕಿತು. ನಾಲ್ಕನೇ ಮಹಡಿಯ ಕಚೇರಿ. ಅಲ್ಲಿ ಕುಳಿತು ಜಪಾನಿನ ಕಂಪೆನಿಗಳಿಗೆ ಅಂಕ ಹಾಕುವುದು. ಆಡಳಿತ ಮಂಡಳಿಯಲ್ಲಿ ಹೊರಗಿನವರು ಎಷ್ಟು, ಹೆಂಗಸರು ಎಷ್ಟು, ಯಾರು ಎಷ್ಟು ಸಭೆಗೆ ಬಂದರು, ಮಾಲೀಕನ ಭಾವ ಮೈದುನರು ಯಾರಾದರೂ ಒಳಗೆ ನುಸುಳಿದ್ದಾರೆಯೇ ಎಂದೆಲ್ಲ ವರದಿಗಳಿಂದ ಹೆಕ್ಕಿ ಪಟ್ಟಿ ಮಾಡಬೇಕು. ಕಂಪೆನಿಯ ಆಡಳಿತ ನೆಟ್ಟಗಿದ್ದರೆ ಲಾಭ ಹೆಚ್ಚುತ್ತದೆಯೇ, ಷೇರಿನ ಬೆಲೆ ಏರುತ್ತದೆಯೇ ಎಂಬುದು ಹೊರದೇಶದ ಗಿರಾಕಿಯ ಪ್ರಶ್ನೆ. ಹುಡುಗ ಹುಡುಗಿಯರು ಹೆಕ್ಕಿದ್ದನ್ನೆಲ್ಲ ಸಂಶಯದಿಂದ ನೋಡುವುದು ಸ್ವರ್ಣಲತಾರ ಕೆಲಸ. ಅಬ್ಬಾ, ಐವತ್ತೆರಡನೇ ವಯಸ್ಸಿನಲ್ಲಿ ಆ ಹೆಂಗಸು ಬೆಳಿಗ್ಗೆ ಸಿಟಿ ಬಸ್ಸು ಹತ್ತುವ ಉತ್ಸಾಹ ನೋಡಬೇಕಿತ್ತು! ಈ ಕೆಲಸ ಅವರಿಗೆ ಅಷ್ಟು ಇಷ್ಟವಾಗಿತ್ತು.

ಹೋದ ಸೆಪ್ಟೆಂಬರಿನಲ್ಲಿ ಅವರ ಕೈಗೆ ಒಬ್ಬ ಜಪಾನಿ ಮುದುಕ ಸಿಕ್ಕಿಬಿದ್ದ. ಏಳು ಕಂಪೆನಿಗಳಲ್ಲಿ ಹೊರಗಿನ ನಿರ್ದೇಶಕ, ಏಳರಲ್ಲೂ ನೂರಕ್ಕೆ ನೂರು ಹಾಜರಿ. ಈತನಿಗೆ ಜ್ವರ ಬರುವುದಿಲ್ಲವೇ, ಮನೆಯಲ್ಲಿ ಮದುವೆ, ಸತ್ತವರ ಬೊಜ್ಜ ಇಲ್ಲವೇ ಎಂದು ಸ್ವರ್ಣಲತಾ ಮೂರು ದಿನ ಅವನ ಬೆನ್ನು ಬಿದ್ದರು. ಐದು ವರ್ಷದ ವರದಿಗಳಲ್ಲಿ ಅವನು ಒಂದು ಪ್ರಶ್ನೆ ಕೇಳಿದ ದಾಖಲೆಯೂ ಇರಲಿಲ್ಲ. 'ಈತ ಬರೇ ಕುರ್ಚಿ' ಎಂದು ಷರಾ ಬರೆದು, ಏಳೂ ಕಂಪೆನಿಗಳ ಅಂಕ ಕತ್ತರಿಸಿದರು.

ಅವರ ಮೇಲಿನ ಅಧಿಕಾರಿ ಶ್ರವಣ್ ಲೆಕ್ಕದಲ್ಲಿ ಬುದ್ಧಿವಂತ, ಮಾತಿನಲ್ಲಿ ಮೆದು. ಅವನ ಪಟ್ಟಿಯ ಪ್ರಕಾರ ಹೆಚ್ಚು ಅಂಕದ ಕಂಪೆನಿಗಳಲ್ಲಿ ಲಾಭ ಸ್ವಲ್ಪ ಹೆಚ್ಚೇ ಇತ್ತು. ಷೇರಿನ ಬೆಲೆ ಮಾತ್ರ ಒಂದು ವರ್ಷ ಹೌದೆಂದರೆ ಇನ್ನೊಂದು ವರ್ಷ ಅಲ್ಲ ಎನ್ನುತ್ತಿತ್ತು. ಈ ಮುದುಕನ ಕಂಪೆನಿಗಳಲ್ಲಿ ಎರಡೂ ಏರಿದ್ದವು. ಅಂಕ ಕತ್ತರಿಸಿದರೆ, ಅಂಕದೊಂದಿಗೆ ಲಾಭವೂ ಏರುತ್ತದೆಂದು ತೋರಿಸುವ ಅವನ ಗೆರೆ ಸೊಟ್ಟಗಾಗುತ್ತದೆ.

"ಲಾಭ ಬಂದಿದೆಯಲ್ಲ ಮೇಡಂ, ಮತ್ತೆಂತ ತೊಂದರೆ?" ಎಂದು ಕೇಳಿದ.

"ಮನೆಗೆ ಬಣ್ಣ ಹೊಡೆಸಿದ್ದಕ್ಕೆ ದುಡ್ಡು ಬಂತಾ, ದುಡ್ಡು ಬಂದ ಮೇಲೆ ಬಣ್ಣ ಹೊಡೆಸಿದರಾ? ಅದು ನಿಮ್ಮ ಪಟ್ಟಿಯಲ್ಲಿ ಎಲ್ಲಿ ಉಂಟು?" ಎಂದರು ಸ್ವರ್ಣಲತಾ. ಶ್ರವಣ್ ತಲೆ ಕೆರೆದುಕೊಂಡು, ಕತ್ತರಿಸಿದ ಅಂಕವನ್ನು ಹಾಗೆಯೇ ಬಿಟ್ಟ.

ಅದೇ ವಾರ ಕಚೇರಿಯಲ್ಲಿ ಎಲ್ಲರಿಗೂ ಒಂದು ಘೋಷಣಾ ಪತ್ರ ಬಂತು. ಅಂಕ ಪರಿಶೀಲಿಸುವವರು ಯಾವ ಕಂಪೆನಿಯಲ್ಲೂ ನಿರ್ದೇಶಕರಾಗಿರಕೂಡದು. ಇದ್ದರೆ ಕೆಲಸ ಬಿಡಬೇಕು ಎಂಬ ಹೊಸ ನಿಯಮ. ಸ್ವರ್ಣಲತಾ ನಕ್ಕು 'ಇಲ್ಲ' ಎಂದು ಬರೆದು ಸಹಿ ಹಾಕಿದರು. ಮಾರನೆಯ ಸಂಜೆ ಅವರ ಮೊಬೈಲಿಗೆ ಕಚೇರಿಯ ಸಂದೇಶ: ನಿಮ್ಮ ಪ್ಯಾನ್ ಸಂಖ್ಯೆ ಒಂದು ಕಂಪೆನಿಯ ನಿರ್ದೇಶಕ ಸ್ಥಾನದೊಂದಿಗೆ ಜೋಡಣೆಯಾಗಿದೆ, ನಾಳೆ ಸಿಂಥಿಯಾ ಅವರನ್ನು ಕಾಣಿರಿ. ಕಂಪೆನಿಯ ಹೆಸರು ಇರಲಿಲ್ಲ.

ಅವರ ಮೈಯೆಲ್ಲ ಉರಿಯಿತು. ಯಾರೋ ತನ್ನ ಕಾಗದ ಕದ್ದು ಕಳ್ಳ ಕಂಪೆನಿ ಕಟ್ಟಿದ್ದಾರೆ! ಯಾರು? ಆಧಾರ್ ಪ್ರತಿ ಯಾರ ಕೈಗೆಲ್ಲ ಕೊಟ್ಟಿದ್ದೆ? ಯೋಚಿಸುತ್ತಾ ಯೋಚಿಸುತ್ತಾ ಬಸ್ಸಿಳಿದವರು ನೇರ ನಡೆದದ್ದು ಬನ್ನಂಜೆಯ ತಿರುವಿನ ಅರ್ಶದನ ಜೆರಾಕ್ಸ್ ಅಂಗಡಿಗೆ. ಹತ್ತು ವರ್ಷದಿಂದ ಅವರ ಕಾಗದಗಳೆಲ್ಲ ಪ್ರತಿಯಾಗುವುದು ಅಲ್ಲಿಯೇ. ಅಂಗಡಿಯಲ್ಲಿ ಐದಾರು ಗಿರಾಕಿಗಳಿದ್ದರು. ಅವರೆಲ್ಲರ ಎದುರು ಸ್ವರ್ಣಲತಾ, ನನ್ನ ಆಧಾರ್ ಎಷ್ಟಕ್ಕೆ ಮಾರಿದೆ, ಇನ್ನೆಷ್ಟು ಮಂದಿಯದನ್ನು ಮಾರಿದ್ದಿ ಎಂದು ಬಾಯಿಗೆ ಬಂದಂತೆ ಕೇಳಿದರು. ಅರ್ಶದ್ ಪ್ರಿಂಟರಿನಲ್ಲಿ ಅರ್ಧ ಹೊರಬಂದಿದ್ದ ಹಾಳೆಯನ್ನು ಹಿಡಿದುಕೊಂಡು ನಿಂತಿದ್ದ. ಒಬ್ಬಾಕೆ ತಾನು ಕೊಟ್ಟಿದ್ದ ರೇಷನ್ ಕಾರ್ಡನ್ನು ಮೆಲ್ಲ ವಾಪಸು ತೆಗೆದುಕೊಂಡಳು.

ಮರುದಿನ ಸಿಂಥಿಯಾ ತನ್ನ ಪರದೆಯನ್ನು ತಿರುಗಿಸಿ ತೋರಿಸಿದಳು. ಸಿಬ್ಬಂದಿಯ ವ್ಯವಹಾರವೆಲ್ಲ ಅವಳದೇ. ಕಲ್ಯಾಣಪುರದ ಹೆಣ್ಣು, ಸ್ವರ್ಣಲತಾರ ಮೇಲೆ ಗೌರವ ಇದ್ದವಳು. ಕಾಪುವಿನ ಒಂದು ಐಸ್ ಮತ್ತು ಮೀನು ಶೀತಲೀಕರಣ ಪ್ರೈವೇಟ್ ಲಿಮಿಟೆಡ್. ನಿರ್ದೇಶಕರು ಇಬ್ಬರು. ಒಂದನೆಯವರು ಭುಜಂಗ, ಸ್ವರ್ಣಲತಾರ ಒಡಹುಟ್ಟಿದ ತಮ್ಮ. ಎರಡನೆಯವರು ಸ್ವರ್ಣಲತಾ. ಹದಿನಾಲ್ಕು ವರ್ಷದಿಂದ.

"ನಿಮಗೆ ಗೊತ್ತಿರಲಿಲ್ವಾ ಮೇಡಂ?" ಎಂದು ಕೇಳಿದಳು ಸಿಂಥಿಯಾ. ಸೋಮವಾರದೊಳಗೆ ಆ ಮಂಡಳಿಯಿಂದ ಹೊರಬಂದ ಕಾಗದ ತಂದರೆ ಕೆಲಸ ಉಳಿಯುತ್ತದೆ, ಇಲ್ಲದಿದ್ದರೆ ತನ್ನ ಕೈಯಲ್ಲಿ ಏನೂ ಇಲ್ಲ ಎಂದಳು.

ಗೊತ್ತಿತ್ತೋ ಇಲ್ಲವೋ? ಬಸ್ಸಿನ ಕಿಟಕಿಗೆ ತಲೆ ಆನಿಸಿ ಸ್ವರ್ಣಲತಾ ಅದನ್ನೇ ಯೋಚಿಸಿದರು. ಕಾರ್ಕಳ ಕಡೆಯ ಅಜೆಕಾರಿನಲ್ಲಿ ಅವರ ತಾಯಿಮನೆ. ಅಂಥ ಹಳೆಯ ತುಳು ಕುಟುಂಬಗಳಲ್ಲಿ ಆಸ್ತಿ ಹೆಣ್ಣಿನ ಕಡೆಯಿಂದ ಬರುತ್ತದೆ, ಯಜಮಾನಿಕೆ ಗಂಡಿನದು. ಸಹಿ ಅಕ್ಕತಂಗಿಯರದು, ಓದುವುದು ಅಣ್ಣತಮ್ಮಂದಿರು. ಸೋದರಮಾವ ಪೆನ್ಸಿಲಿನಲ್ಲಿ ಅಡ್ಡ ಗುರುತು ಹಾಕಿದಲ್ಲೆಲ್ಲ ಅಮ್ಮ ತನ್ನ ಹೆಸರು ಬರೆಯುತ್ತಿದ್ದದ್ದು ಅವರಿಗೆ ನೆನಪಿದೆ. ಅಮ್ಮ ತೀರಿಕೊಂಡು ಪಾಲಾದಾಗ ಭುಜಂಗ ಒಂದು ಕಟ್ಟು ಕಾಗದ ತಂದಿದ್ದ, ಪೆನ್ಸಿಲಿನ ಗುರುತು ಹಾಕಿಯೇ. ಇವರು ಒಲೆಯ ಮೇಲಿನ ಸಾರು ಉಕ್ಕೀತೆಂದು ಗಡಿಬಿಡಿಯಲ್ಲಿ ಸಹಿ ಹಾಕಿ ಮುಗಿಸಿದ್ದರು. ಆಮೇಲೆ ವರ್ಷಕ್ಕೊಮ್ಮೆ ತಮ್ಮನ ಲೆಕ್ಕ ಬರೆಯುವ ರೂಪೇಶ್ ಫೋನು ಮಾಡುತ್ತಿದ್ದ: ಅಕ್ಕ, ನಿಮಗೊಂದು ನಂಬರು ಬಂದಿರಬಹುದು. ಗ್ಯಾಸಿನವನಿಗೆ ಕೊಡದ ನಂಬರನ್ನು ಇವರು ರೂಪೇಶನಿಗೆ ನಗುನಗುತ್ತಾ ಓದಿ ಹೇಳುತ್ತಿದ್ದರು. ತಮ್ಮನ ಕೆಲಸವಲ್ಲವೇ, ಕೇಳುವುದೆಂತ?

ಶನಿವಾರ ಮಧ್ಯಾಹ್ನ ಕಾಪುವಿನಲ್ಲಿ ಇಳಿದರು. ಐಸ್ ಪ್ಲಾಂಟಿನ ಬೆನ್ನಿಗೇ ಭುಜಂಗನ ಮನೆ. ಅಂಗಳ ದಾಟುವಾಗ ಐಸ್ ಕಟ್ಟಿಸುವ ಅಮೋನಿಯಾ ಎಂಬ ವಿಷಾನಿಲದ ವಾಸನೆ ಮೂಗಿಗೆ ಹೊಡೆಯಿತು. ಯಾವಾಗಲೂ ಹೊಡೆಯುತ್ತಿತ್ತು, ಅಂದು ಮಾತ್ರ ಅವರು ನಿಂತು ಮೂಸಿ ನೋಡಿದರು. ತಮ್ಮ ಎಂದಿನ ಹಾಗೆ ನಗುತ್ತಾ ಬಂದ. ಮುಚ್ಚಿಡುವ ಗೋಜಿಗೇ ಹೋಗಲಿಲ್ಲ. ಮನೆಮಾತಿನ ತುಳುವಿನಲ್ಲಿ, ಕಂಪೆನಿ ಎಂದರೆ ಇಬ್ಬರಾದರೂ ಬೇಕು, ನಿನ್ನನ್ನಲ್ಲದೆ ನಾನು ಇನ್ಯಾರನ್ನು ನಂಬಲಿ ಎಂದ. ಯಾವ ಸಭೆಗಾದರೂ ನಿನ್ನ ಪಾಲು ತಪ್ಪಿಸಿದ್ದೇನಾ ಎಂದು ಅವನೇ ತಿರುಗಿ ಕೇಳಿದ.

ಆಗ ಸ್ವರ್ಣಲತಾರಿಗೆ ಹೊಳೆಯಿತು. ವರ್ಷಕ್ಕೆ ನಾಲ್ಕು ಸಲ, ಹಬ್ಬವಲ್ಲ ಹುಟ್ಟಿದ ದಿನವಲ್ಲ, ಬನ್ನಂಜೆಯ ಮನೆಗೆ ಇಡೀ ಅಂಜಲ್ ಮೀನು ಬರುತ್ತಿತ್ತು. ತಮ್ಮನ ಪ್ರೀತಿ ಎಂದು ಅರ್ಧ ಓಣಿಗೆ ಹಂಚಿ ತಿಂದಿದ್ದರು. ತಿಂದ ಮೀನೆಲ್ಲ ಸಭೆಯ ಭತ್ಯೆಯಾಗಿತ್ತು!

"ಸಭೆಯ ಪುಸ್ತಕ ತೋರಿಸು," ಎಂದರು.

ಪುಸ್ತಕ ಬಂತು. ಪ್ರತಿ ಪುಟದಲ್ಲೂ 'ಶ್ರೀಮತಿ ಸ್ವರ್ಣಲತಾ ಹಾಜರಿದ್ದರು'. ಒಂದು ಸಭೆಯೂ ತಪ್ಪಿರಲಿಲ್ಲ. ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ದಿನವೂ, ಮಸ್ಕತ್ತಿನಲ್ಲಿದ್ದ ಎರಡು ತಿಂಗಳ ನಡುವೆಯೂ ಅವರು ಕಾಪುವಿನಲ್ಲಿ ಹಾಜರಿದ್ದರು. ಆ ಜಪಾನಿ ಮುದುಕನೇ ಇವರ ಎದುರು ಸೋಲಬೇಕು. ಪುಟ ತಿರುವುತ್ತಾ ಅವರ ಬೆರಳು ಒಂದು ಕಡೆ ನಿಂತಿತು. 'ಅಮೋನಿಯಾ ಸೋರಿಕೆಯ ಅಲಾರಂ ಕೆಟ್ಟಿರುವುದರಿಂದ ಹೊಸದನ್ನು ಮುಂದಿನ ವರ್ಷ ಅಳವಡಿಸುವುದೆಂದು ತೀರ್ಮಾನಿಸಲಾಯಿತು. ಸೂಚಕರು: ಭುಜಂಗ. ಅನುಮೋದಕರು: ಸ್ವರ್ಣಲತಾ.' ಮರುವರ್ಷವೂ ಅದೇ. ಅದರ ಮರುವರ್ಷವೂ. ಪ್ಲಾಂಟಿನೊಳಗೆ ಮೀನು ವಿಂಗಡಿಸುವ ಮೂವತ್ತು ಹೆಂಗಸರ ಮಾತು ಬಾಗಿಲಿನಾಚೆಯಿಂದ ಕೇಳುತ್ತಿತ್ತು. ಸ್ವರ್ಣಲತಾರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

"ಈ ಅಲಾರಂ ಎಂತದ್ದು ಭುಜಂಗ?"

"ಎಂತ ಆಗಿದೆ ಅಕ್ಕ ಈಗ? ವರ್ಷ ವರ್ಷ ಲಾಭ ಬಂದಿದೆಯಲ್ಲ, ಮತ್ತೆಂತ ತೊಂದರೆ?"

ಶ್ರವಣ್ ಕೇಳಿದ ಪ್ರಶ್ನೆಯೇ. ನಾಲ್ಕನೇ ಮಹಡಿಯಲ್ಲಿ ಅವರ ಬಳಿ ಅದಕ್ಕೆ ಉತ್ತರವಿತ್ತು. ತಮ್ಮನ ಜಗಲಿಯಲ್ಲಿ ಅವರು ಪುಸ್ತಕ ಮುಚ್ಚಿ ಅವನತ್ತ ತಳ್ಳಿದರು. ನನ್ನನ್ನು ಇದರಿಂದ ಬಿಡಿಸು, ಮಣಿಪಾಲದ ಕೆಲಸ ಹೋಗುತ್ತದೆ ಎಂದರು. ಭುಜಂಗ ಅಷ್ಟೇ ತಾನೇ ಎಂದು ಸಲೀಸಾಗಿ ಒಪ್ಪಿದ. ಅಷ್ಟು ಸಲೀಸಾಗಿ ಒಪ್ಪಿದ್ದೇ ಸ್ವರ್ಣಲತಾರಿಗೆ ಸರಿಕಾಣಲಿಲ್ಲ. ರೂಪೇಶ್ ಲ್ಯಾಪ್‌ಟಾಪು ಹಿಡಿದು ಬಂದು ಏನೇನೋ ಒತ್ತಿದ. ಮೊಬೈಲು ಸದ್ದು ಮಾಡಿತು.

"ನಂಬರು ಹೇಳಿ ಅಕ್ಕ, ರಾಜೀನಾಮೆಗೆ," ಎಂದ ರೂಪೇಶ್.

ಬಾಯಿ ತೆರೆದಿದ್ದರು, ಅಷ್ಟರಲ್ಲಿ ಊಟದ ಮೇಜಿನಿಂದ ಇನ್ನೊಂದು ಮೊಬೈಲು ಸದ್ದು ಮಾಡಿತು. ಭುಜಂಗನ ಮಗಳು ತೃಷಾ, ಬಿ.ಕಾಂ. ಕೊನೆಯ ವರ್ಷ, ತಟ್ಟೆಯಿಂದ ಕಣ್ಣೆತ್ತದೆ ಕೂಗಿ ಹೇಳಿದಳು: "ಪಪ್ಪಾ, ನನಗೂ ಬಂತು. ನಾಲ್ಕು, ಸೊನ್ನೆ, ಏಳು..."

"ತೃಷಾ, ಬಾಯಿ ಮುಚ್ಚು!"

ಸ್ವರ್ಣಲತಾ ಅಷ್ಟು ದೊಡ್ಡ ದನಿಯಲ್ಲಿ ಆ ಮನೆಯಲ್ಲಿ ಎಂದೂ ಮಾತಾಡಿದವರಲ್ಲ. ಹುಡುಗಿ ಬೆಚ್ಚಿಬಿದ್ದಳು. ಇದು ಎಂತದರ ನಂಬರು ಎಂದು ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. ಪಪ್ಪ ಹೇಳಲು ಹೇಳಿದರು, ಹೇಳಿದೆ ಎಂದಳು. ರೂಪೇಶ್ ನೆಲ ನೋಡಿದ. ಅಕ್ಕನ ಕುರ್ಚಿ ಖಾಲಿಯಾದರೆ ಯಾರಾದರೂ ಬೇಕಲ್ಲ, ಮನೆಮಗಳು ಇದ್ದಾಳಲ್ಲ ಎಂದ ಭುಜಂಗ.

ಸಿಂಥಿಯಾ ಕೇಳಿದ ಕಾಗದಕ್ಕೆ ಬೇಕಾದದ್ದು ಆರು ಅಂಕೆ. ಹೇಳಿದರೆ ಕೆಲಸ ಉಳಿಯುತ್ತದೆ. ಆದರೆ ಅಲಾರಂ ಮುಂದಿನ ವರ್ಷಕ್ಕೆ ಹೋಗುತ್ತದೆ, ಅನುಮೋದಕರು ತೃಷಾ. ಹುಡುಗಿ ಬೇಡವೆಂದರೆ ಅವಳ ತಾಯಿ ಕುಶಲಾ. ಹೆಣ್ಣುಗಳಿಗೆ ಈ ಮನೆಯಲ್ಲಿ ಏನು ಬರಗಾಲ? ಸ್ವರ್ಣಲತಾ ಮೊಬೈಲನ್ನು ಚೀಲಕ್ಕೆ ಹಾಕಿ ಜಿಪ್ ಎಳೆದರು.

"ನಾನು ಬಿಡುವುದಿಲ್ಲ. ಮುಂದಿನ ಸಭೆ ಯಾವಾಗ ಹೇಳು, ಬರುತ್ತೇನೆ. ಮೀನು ಕಳಿಸಬೇಡ."

"ನನ್ನ ಮೇಲೆ ಸಂಶಯವಾ ಅಕ್ಕ?" ಭುಜಂಗನ ಮುಖ ಸಣ್ಣದಾಯಿತು.

"ಹೌದು," ಎಂದರು ಸ್ವರ್ಣಲತಾ. ಜೀವಮಾನವಿಡೀ ಊರಿನವರ ಮೇಲೆಲ್ಲ ಸಂಶಯಪಟ್ಟವರು ತಮ್ಮನಿಗೆ ಈ ಮಾತು ಆಡಿದ್ದು ಅದೇ ಮೊದಲು. ಅಂಗಳ ದಾಟಿ ಬರುವಾಗ ಕಣ್ಣಲ್ಲಿ ನೀರಿತ್ತು. ಅಮೋನಿಯಾದ ಘಾಟಿಗೆ ಎಂದು ಯಾರೂ ಕೇಳದಿದ್ದರೂ ತಮಗೆ ತಾವೇ ಹೇಳಿಕೊಂಡರು.

ಸೋಮವಾರ ಬೆಳಿಗ್ಗೆ ಹೊಸ ಘೋಷಣಾ ಪತ್ರ ಬರೆದು ಅರ್ಶದನ ಅಂಗಡಿಗೇ ಪ್ರತಿ ಮಾಡಿಸಲು ಹೋದರು. ಅವನು ಹಾಳೆ ತೆಗೆದುಕೊಂಡ. ಅಂದಿನ ಹಾಗೆಯೇ ಗಿರಾಕಿಗಳಿದ್ದರು. ಅವರೆಲ್ಲ ಕೇಳುವ ಹಾಗೆ ಸ್ವರ್ಣಲತಾ, ನನ್ನದು ತಪ್ಪಾಯಿತು ಅರ್ಶದ್, ನಿನ್ನ ಮೇಲೆ ಸುಳ್ಳು ಹೊರಿಸಿದೆ ಎಂದರು.

ಅವನು ಚಿಲ್ಲರೆ ಎಣಿಸುತ್ತಾ ಕೇಳಿದ: "ಕಾಗದ ಕೊಟ್ಟವರು ಯಾರಂತೆ ಮತ್ತೆ?"

"ನಾನೇ ಮಾರಾಯ."

ಪತ್ರದಲ್ಲಿ ಹೀಗಿತ್ತು: ನಿರ್ದೇಶಕಿ, ಹದಿನಾಲ್ಕು ವರ್ಷ. ಹಾಜರಾದ ಸಭೆಗಳು, ಒಂದೂ ಇಲ್ಲ. ಸಿಂಥಿಯಾ ಅದನ್ನು ಎರಡು ಸಲ ಓದಿ, ಐಡಿ ಕಾರ್ಡು ಕೇಳುವಾಗ ಅವರ ಮುಖ ನೋಡಲಿಲ್ಲ. ಶ್ರವಣ್ ಲಿಫ್ಟಿನ ತನಕ ಬಂದು, ಆ ಜಪಾನಿ ಮುದುಕನ ಅಂಕ ನೀವು ಹಾಕಿದಷ್ಟೇ ಇರುತ್ತದೆ ಮೇಡಂ ಎಂದ. ಇರಲಿ, ಅವನಿಗೆ ಅಷ್ಟೇ ಸಾಕು ಎಂದರು ಸ್ವರ್ಣಲತಾ. ಮನೆಗೆ ಬಂದು ಎರಡು ದಿನ ಯಾರ ಫೋನನ್ನೂ ಎತ್ತಲಿಲ್ಲ.

ಡಿಸೆಂಬರಿನಲ್ಲಿ ಸಭೆ. ಹತ್ತು ಗಂಟೆಗೆ ಎಂದರೆ ಹತ್ತಕ್ಕೇ ಅವರು ಪ್ಲಾಂಟಿನ ಕಚೇರಿಯಲ್ಲಿದ್ದರು. ಭುಜಂಗ ಗೋಡೆ ನೋಡುತ್ತಾ ಕುಳಿತಿದ್ದ. ತೃಷಾಳನ್ನು ಸ್ವರ್ಣಲತಾರೇ ಕರೆದು ಪಕ್ಕದಲ್ಲಿ ಕೂರಿಸಿಕೊಂಡಿದ್ದರು, ನೋಡಿ ಕಲಿಯಲಿ ಎಂದು. ರೂಪೇಶ್ ಅಭ್ಯಾಸಬಲದಿಂದ ಪುಸ್ತಕವನ್ನು ಅವರ ಮುಂದೆ ತಳ್ಳಿದ. ಅಂದಿನ ಸಭೆಯ ನಡಾವಳಿ ಆಗಲೇ ಟೈಪಾಗಿ ಅಂಟಿಕೊಂಡಿತ್ತು. ಎಲ್ಲ ವಿಷಯಗಳಿಗೂ ಸರ್ವಾನುಮತದ ಒಪ್ಪಿಗೆ ಸಿಕ್ಕಿತ್ತು. ಹನ್ನೊಂದು ಗಂಟೆಗೆ ವಂದನಾರ್ಪಣೆಯೊಂದಿಗೆ ಸಭೆ ಮುಗಿದೂ ಹೋಗಿತ್ತು. ಕೆಳಗೆ ಪೆನ್ಸಿಲಿನ ಅಡ್ಡ ಗುರುತು.

ಗೋಡೆಯ ಗಡಿಯಾರದಲ್ಲಿ ಹತ್ತೂ ಹತ್ತು.

"ತೃಷಾ, ರಬ್ಬರ್ ಉಂಟಾ?" ಎಂದು ಕೇಳಿದರು ಸ್ವರ್ಣಲತಾ. ಹುಡುಗಿ ಚೀಲ ತಡಕಿ ಕೊಟ್ಟಳು. ಪೆನ್ಸಿಲಿನ ಗುರುತನ್ನು ಉಜ್ಜಿ ತೆಗೆದು, ಪುಡಿಯನ್ನು ಊದಿ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡರು.

"ನಾನು ಬಂದದ್ದು ಈಗಷ್ಟೇ," ಎಂದರು. "ಅಲಾರಂನಿಂದ ಶುರು ಮಾಡಿ."