ಕರಡಿಯಮ್ಮನ ಆರನೆಯ ಶಿಷ್ಯೆ

ಕರಡಿಯಮ್ಮ ಯಾರನ್ನೇ ಆಗಲಿ, ಮುಖ ನೋಡುವ ಮೊದಲು ಬೆರಳು ನೋಡುತ್ತಿದ್ದಳು. ಬಾಯಿ ಸುಳ್ಳು ಹೇಳೀತು, ಬೆರಳು ಹೇಳದು ಎಂಬುದು ಅವಳ ಲೆಕ್ಕಾಚಾರ. ಆರನೆಯ ಶಿಷ್ಯೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ತನಗೆ ಹೊಲಿಗೆ ಅಷ್ಟಾಗಿ ಬರುವುದಿಲ್ಲ, ಮೊದಲಿನಿಂದ ಹೇಳಿಕೊಡಬೇಕು ಎಂದಾಗ ಕರಡಿಯಮ್ಮನ ಕಣ್ಣು ನೇರ ಹೋದದ್ದು ಆಕೆಯ ಎಡಗೈ ತೋರುಬೆರಳಿಗೆ. ಉಗುರಿನ ನಡುವೆ ಉದ್ದಕ್ಕೂ ಒಂದು ಸೀಳುಗೆರೆ. ಓಡುವ ಯಂತ್ರದ ಸೂಜಿ ಉಗುರು ತೂರಿ ಹೋದರೆ ಉಳಿಯುವ ಗುರುತು ಅದು. ಅಂಥದ್ದೇ ಒಂದು ಕರಡಿಯಮ್ಮನ ಬೆರಳಲ್ಲೂ ಇತ್ತು. ನೋಡುತ್ತಿದ್ದಾಳೆಂದು ತಿಳಿದದ್ದೇ ತಡ, ಬಂದವಳು ಬೆರಳು ಮಡಚಿ ಸೆರಗಿನಡಿ ಸೇರಿಸಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

ಕರಡಿಯಮ್ಮನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಬೀದಿಯವರು ಅದನ್ನು ಮರೆತು ಮೂವತ್ತು ವರ್ಷವಾಗಿತ್ತು. ಮೊದಲ ಕರಡಿಗೊಂಬೆಯನ್ನು ಅವಳು ತಂಗಿಯ ಮಗುವಿಗೆಂದು ಹರಿದ ಕಂಬಳಿಯಲ್ಲಿ ಹೊಲಿದಿದ್ದಳು. ಆ ಬಡಪಾಯಿಗೆ ಎರಡೂ ಎಡಗಾಲೇ. ಒಂದು ಕಾಲು ಕತ್ತರಿಸಿದ ಮೇಲೆ ಅಚ್ಚಿನ ರಟ್ಟನ್ನು ಮಗುಚಿ ಹಾಕಿ ಇನ್ನೊಂದು ಕತ್ತರಿಸಬೇಕು ಎಂದು ಆಗ ಯಾರು ಹೇಳಿಕೊಟ್ಟಾರು? ಬಿದ್ದು ಎದ್ದು ತಾನೇ ಕಲಿತಳು. ತಲೆಯ ಎರಡು ಪಕ್ಕಗಳ ನಡುವೆ ಕೂಡಿಸುವ ಪಟ್ಟಿ ಎಷ್ಟು ಅಗಲವಿದ್ದರೆ ಮೂಗು ಮೊಂಡಾಗಿ, ಮುಖ ಈಗಷ್ಟೇ ನಿದ್ದೆಯಿಂದೆದ್ದ ಮಗುವಿನ ಹಾಗೆ ಕಾಣುತ್ತದೆ ಎಂದು ಕಂಡುಕೊಳ್ಳುವಷ್ಟರಲ್ಲಿ ಹನ್ನೊಂದು ತಲೆ ಹಾಳಾಗಿದ್ದವು. ಆ ಮುಖಕ್ಕಾಗಿಯೇ ಆಟಿಕೆ ಅಂಗಡಿಯವನು ಅವಳ ಕರಡಿಗಳನ್ನು ಕೊಳ್ಳುತ್ತಿದ್ದ. ಮನೆ ನಡೆಯುತ್ತಿದ್ದದ್ದು ಆ ರಟ್ಟಿನ ಅಚ್ಚುಗಳ ಮೇಲೆ.

ಎರಡು ವರ್ಷದ ಹಿಂದೆ, ಬಾಯಿ ತುಂಬ ಅಕ್ಕಾ ಅಕ್ಕಾ ಎನ್ನುತ್ತಿದ್ದ ಶಿಷ್ಯೆಯೊಬ್ಬಳು ಆ ಅಚ್ಚುಗಳನ್ನು ಹಳೆಯ ಪತ್ರಿಕೆಯ ಮೇಲೆ ಬರೆದುಕೊಂಡು ಸೊಂಟಕ್ಕೆ ಸಿಕ್ಕಿಸಿ ಹೋಗಿದ್ದಳು. ತಿಂಗಳೊಳಗೆ ಪಕ್ಕದ ಬೀದಿಯ ಅಂಗಡಿಯ ಗಾಜಿನ ಹಿಂದೆ ಅದೇ ಮೊಂಡು ಮೂಗು ಕೂತು ನೋಡುತ್ತಿತ್ತು. ಎಲ್ಲ ಕಡೆ ಸಿಗುವ ಕರಡಿ ತನಗೇಕೆ ಎಂದು ಅಂಗಡಿಯವನು ಮುಖ ತಿರುಗಿಸಿದ್ದ. ಕರಡಿಯಮ್ಮ ಹೊಸ ಮುಖ ಕಂಡುಹಿಡಿದು ಅವನ ಮನಸ್ಸು ತಿರುಗಿಸಲು ಒಂದು ವರ್ಷ ಹಿಡಿಯಿತು. ಇನ್ನೊಮ್ಮೆ ಹಾಗಾದರೆ ಹೊಸ ಮುಖ ಹುಟ್ಟಿಸುವ ಕಣ್ಣು ತನಗೆ ಉಳಿದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಂದಿನಿಂದ ರಟ್ಟುಗಳು ತಗಡಿನ ಪೆಟ್ಟಿಗೆ ಸೇರಿ ಪಾಠದ ಹೊತ್ತಿಗಷ್ಟೇ ಹೊರಬರತೊಡಗಿದವು, ಕರಡಿಯಮ್ಮ ತನ್ನ ನೆರಳನ್ನೂ ನಂಬದವಳಾದಳು.

ಈ ಸಲದ ಗುಂಪಿನ ಆರನೆಯವಳು ಕತ್ತರಿ ಹಿಡಿದಳು. ರೋಮದ ಬಟ್ಟೆಯನ್ನು ಕೈಯಿಂದ ಸವರಿ, ರೋಮ ಮಲಗುವ ದಿಕ್ಕು ನೋಡಿ, ಆಮೇಲೆ ರಟ್ಟು ಇಡಬೇಕು ಎಂದು ಎಷ್ಟು ಹೇಳಿದರೂ ಒಂದು ಕಿವಿ ಮೇಲಕ್ಕೆ, ಒಂದು ಕಿವಿ ಕೆಳಕ್ಕೆ ಕತ್ತರಿಸಿದಳು. ಕಾಲುಗಳೂ ಎರಡೂ ಎಡವೇ. ಹತ್ತಿ ತುಂಬಿ ಹೊಟ್ಟೆ ಮುಚ್ಚುವಾಗ ಕೈಸೂಜಿ ಮೂರು ಸಲ ಚುಚ್ಚಿಕೊಂಡಳು. ಜೊತೆಗೆ ಕಲಿಯುತ್ತಿದ್ದ ನರ್ಸಮ್ಮ, ಇನ್ನು ಮೇಲೆ ಹತ್ತಿಯ ಜೊತೆ ಔಷಧವನ್ನೂ ತರುತ್ತೇನೆ ಎಂದು ನಗಾಡಿದಳು.

ಎಲ್ಲರೂ ಹೋದ ಮೇಲೆ ಕರಡಿಯಮ್ಮನ ನಾದಿನಿ, "ಪಾಪ, ಕೈ ಕಲಿಯದವಳು ಕಣೇ ಅತ್ತಿಗೆ" ಎಂದಳು.

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿಯುತ್ತೆ. ಆ ಉಗುರು ನೋಡಿದ್ಯಾ ನೀನು?"

"ನಿಂಗೆ ಹಾಲು ಕುಡಿಯದ ಬೆಕ್ಕೂ ಕಳ್ಳಬೆಕ್ಕೇ" ಎಂದು ನಾದಿನಿ ಪಾತ್ರೆ ತೊಳೆಯಲು ಹೋದಳು.

ನಾಲ್ಕನೆಯ ವಾರ ಕರಡಿಗೆ ಅಂಗಿ. ಆರು ಜನ ಆರು ಅಂಗಿಯ ತುಂಡುಗಳನ್ನು ಕತ್ತರಿಸಿ, ಹೆಗಲು ಕೂಡಿಸಿ, ಮೇಜಿನ ಮೇಲಿಟ್ಟಿದ್ದರು. ಕರಡಿಯಮ್ಮ ಗುಂಡಿ ಡಬ್ಬಿ ತರಲು ಒಳಗೆ ಹೋಗಿದ್ದಳಷ್ಟೆ. ಹೊರಗೆ ಯಂತ್ರ ಗಾಳಿಗೆ ಸಿಕ್ಕ ತಗಡಿನಂತೆ ಒದರತೊಡಗಿತು. ಓಡಿ ಬಂದು ನೋಡಿದರೆ ಆರನೆಯವಳು ಬೆನ್ನು ಬಗ್ಗಿಸಿ ಕೂತಿದ್ದಾಳೆ. ತನ್ನದೊಂದೇ ಅಲ್ಲ, ಎಲ್ಲರ ಅಂಗಿಗೂ ತೋಳು ಕೂಡಿಸಿ ಆಗಿತ್ತು. ನಡುವೆ ದಾರ ಕತ್ತರಿಸದೆ ಒಂದರ ಹಿಂದೊಂದು ಬಿಟ್ಟಿದ್ದರಿಂದ ಆರೂ ಅಂಗಿಗಳು ಹೂಮಾಲೆಯಂತೆ ಯಂತ್ರದ ಹಿಂದೆ ಇಳಿಬಿದ್ದಿದ್ದವು. ಹೆಬ್ಬೆರಳಷ್ಟು ಚಿಕ್ಕ ತೋಳು, ಕಂಕುಳಲ್ಲಿ ಒಂದು ಸುಕ್ಕಿಲ್ಲ. ಕರಡಿಯಮ್ಮ ತಾನೇ ಮಾಡಿದರೂ ನಾಲ್ಕು ಗುಂಡುಸೂಜಿ ಚುಚ್ಚಿಕೊಳ್ಳದೆ ಆಗದ ಕೆಲಸ.

ನರ್ಸಮ್ಮ, ತಮಗಿನ್ನು ಮನೆಗೆ ಹೋಗಿ ಮಲಗುವುದೊಂದೇ ಬಾಕಿ ಎಂದಳು. ಎಲ್ಲರೂ ನಕ್ಕರು. ಕರಡಿಯಮ್ಮ ತಲೆನೋವೆಂದು ನೆಪ ಹೇಳಿ ಐವರನ್ನು ಕಳಿಸಿದಳು. ಆರನೆಯವಳಿಗೆ ಇರು ಎಂದು ಸನ್ನೆ ಮಾಡಿ ಬಾಗಿಲು ಹಾಕಿದಳು.

"ಯಾರು ಕಳಿಸಿದ್ದು ನಿನ್ನ?"

"ಯಾರೂ ಇಲ್ಲಮ್ಮ."

"ಹೊಲಿಗೆ ಬರಲ್ಲ ಅಂದೆ. ಇವು ಇಲಿ ಬಂದು ಹೊಲಿದು ಹೋದ್ವಾ?"

ಆಕೆ ಬೆರಳನ್ನು ಮತ್ತೆ ಸೆರಗಿನಡಿ ಸೇರಿಸಿದಳು. ಕರಡಿಯಮ್ಮ ಬಿಡಲಿಲ್ಲ. ತಾನೇ ಹೆಗಲು ಕೂಡಿಸಿಟ್ಟಿದ್ದ ಏಳನೆಯದೊಂದು ಅಂಗಿಯನ್ನು ಮುಂದಿಟ್ಟು, ಇದನ್ನು ನನ್ನೆದುರು ಪೂರ್ತಿ ಮುಗಿಸು ಎಂದಳು. ಪೂರ್ತಿ ಮುಗಿಸಿದರೆ ಕಳ್ಳತನ ಕೈಗೆ ಸಿಕ್ಕಿದಂತೆ, ಆಮೇಲೆ ಹೊಸ್ತಿಲು ತೋರಿಸುವುದೊಂದೇ ಎಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದಳು.

ಯಂತ್ರ ಎರಡು ಸಲ ಗುರ್ರೆಂದಿತು. ತೋಳುಗಳು ಕೂತವು. ಆಕೆ ಅಂಗಿಯತ್ತ ನೋಡದೆಯೇ ಅದನ್ನು ಎಡಕ್ಕೆ ತಳ್ಳಿದಳು. ಬಲಗೈ ತಾನಾಗಿ ಪಕ್ಕಕ್ಕೆ ಹೋಗಿ ಮುಂದಿನ ಅಂಗಿಗಾಗಿ ತಡಕಿತು. ಅಲ್ಲಿ ಏನೂ ಇರಲಿಲ್ಲ. ಕೈ ಗಾಳಿಯಲ್ಲೇ ನಿಂತಿತು.

"ಇಷ್ಟೇ ಅಮ್ಮ ನಂಗೆ ಬರೋದು" ಎಂದಳು.

ಆಮೇಲೆ ಮಾತು ತುಂಡು ತುಂಡಾಗಿ ಬಂತು. ಇಪ್ಪತ್ತೆರಡು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಕೂತದ್ದು ತೋಳಿನ ಯಂತ್ರದ ಮುಂದೆ. ಹೆಗಲು ಕೂಡಿಸುವವಳು ಬಲಕ್ಕೆ, ಪಕ್ಕ ಮುಚ್ಚುವವಳು ಎಡಕ್ಕೆ. ಕತ್ತರಿಸುವವರು ಬೇರೆ ಮಹಡಿಯಲ್ಲಿ, ಅವರ ಮುಖವನ್ನೇ ಆಕೆ ಕಂಡಿರಲಿಲ್ಲ. ಕಾಲರು ಎಲ್ಲಿಂದ ಬರುತ್ತಿತ್ತೋ ಗೊತ್ತಿಲ್ಲ. ಈಗ ಕಾರ್ಖಾನೆ ಮುಚ್ಚಿದೆ. ಮನೆಯವರ ಕಣ್ಣಿಗೆ ಮಾತ್ರ ದೊಡ್ಡ ದರ್ಜಿ.

"ಮೊಮ್ಮಗೂಗೆ ಒಂದು ಅಂಗಿ ಹೊಲ್ಕೊಡಿ ಅತ್ತೆ ಅಂದ್ಲು ಸೊಸೆ. ಮಿಷನ್ ಕೆಟ್ಟಿದೆ ಅಂತ ಸುಳ್ಳು ಹೇಳ್ದೆ. ಎಷ್ಟು ದಿನ ಅಂತ ಕೆಟ್ಟಿರುತ್ತೆ ಅದು? ಕರಡಿ ಅಂಗಿ ಸಣ್ಣದು, ಇಲ್ಲಿ ಕಲ್ತರೆ ಯಾರಿಗೂ ಗೊತ್ತಾಗಲ್ಲ ಅಂತ ಬಂದೆ."

ಇದೂ ನಾಟಕವಿರಬಹುದೇ ಎಂದು ಕರಡಿಯಮ್ಮ ಯೋಚಿಸಿದಳು. ಅಳು ಬರಿಸಿಕೊಳ್ಳಬಹುದು, ಸೊಸೆಯನ್ನು ಹುಟ್ಟಿಸಿಕೊಳ್ಳಬಹುದು. ಆದರೆ ಇಲ್ಲದ ಅಂಗಿಗಾಗಿ ತಡಕಿದ ಆ ಕೈಯನ್ನು ಯಾರೂ ಹೇಳಿಕೊಟ್ಟು ಕಳಿಸಲಾರರು.

ಕುರ್ಚಿ ಎಳೆದು ಪಕ್ಕದಲ್ಲಿ ಕೂತಳು. ಅಂಗಿಯ ಒಳಮೈ ಹೊರಗೆ ಬರುವಂತೆ ಮಡಚಿಸಿದಳು. ತೋಳಿನ ತುದಿಯಿಂದ ಹಿಡಿದು ಕಂಕುಳ ದಾಟಿ ಅಂಚಿನವರೆಗೆ ಒಂದೇ ಹೊಲಿಗೆ ಹಾಕಿಸಿದಳು. ಕಂಕುಳ ಮೂಲೆಗೆ ಹೊಲಿಗೆ ತಾಗದಂತೆ ಒಂದು ಸಣ್ಣ ಕತ್ತರಿ ಗಾಯ, ಇಲ್ಲವಾದರೆ ಬಟ್ಟೆ ಎಳೆಯುತ್ತದೆ. ಕಾಲರನ್ನು ಎರಡು ಸಲ ಬಿಚ್ಚಿ ಮೂರನೆಯ ಸಲಕ್ಕೆ ಕೂರಿಸಿದರು. ಮಗುಚಿದಾಗ ಅದು ಅಂಗಿಯಾಗಿತ್ತು. ಆಕೆ ಎರಡು ಬೆರಳನ್ನು ಎರಡು ತೋಳಿಗೆ ತೂರಿಸಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಈ ಅಂಗಿ ರಟ್ಟು ಒಂದು ದಿನದ ಮಟ್ಟಿಗೆ ಕೊಡ್ತೀರಾ ಅಮ್ಮ?"

ಕರಡಿಯಮ್ಮನ ಅಂಗೈ ತಟ್ಟನೆ ರಟ್ಟಿನ ಮೇಲೆ ಬಿತ್ತು.

"ಇದು ಈ ಮನೆ ಹೊಸ್ತಿಲು ದಾಟಲ್ಲ. ಕರಡಿ ಅಂಗಿ ನಿನ್ನ ಮೊಮ್ಮಗೂಗೆ ಆಗೋದೂ ಇಲ್ಲ. ನಾಳೆ ಮಗು ಅಳತೆ ತಗೊಂಡು ಬಾ. ಅದರ ರಟ್ಟು ನೀನೇ ಕತ್ತರಿಸು, ನೀನೇ ಇಟ್ಕೋ."

ಆಕೆ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಹೋದಳು. ಕರಡಿಯಮ್ಮ ದೀಪ ಹಾಕದೆ ಕಿಟಕಿಯ ಸಂದಿಯಲ್ಲಿ ನಿಂತು, ಬೀದಿಯ ಕೊನೆಯಲ್ಲಿ ಅವಳು ಯಾವ ಕಡೆ ತಿರುಗುತ್ತಾಳೆಂದು ನೋಡಿದಳು. ಬಲಕ್ಕೆ ಹೋದರೆ ಪಕ್ಕದ ಬೀದಿಯ ಆಟಿಕೆ ಅಂಗಡಿಗಳು, ಎಡಕ್ಕೆ ಬಸ್ ನಿಲ್ದಾಣ. ಅವಳು ಎಡಕ್ಕೆ ತಿರುಗಿದಳು.

"ಸಮಾಧಾನ ಆಯ್ತಾ ಅತ್ತಿಗೆ?" ಎಂದಳು ನಾದಿನಿ ಹಿಂದಿನಿಂದ.

"ಇವತ್ತಿನ ಮಟ್ಟಿಗೆ ಆಯ್ತು."