ಕೋಟಿನ ಬೆನ್ನಿಗೆ ಬರೆದದ್ದು

ಬೀದಿಯವರೆಲ್ಲ ಅವಳನ್ನು ಟೈಲರಕ್ಕ ಎಂದೇ ಕರೆಯುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಬಳಿ ಹೊಲಿಗೆ ಯಂತ್ರ, ನಡುವೆ ಉದ್ದನೆಯ ಮೇಜು, ಗೋಡೆಯ ತುಂಬ ಮೊಳೆಗಳು. ಒಂದೊಂದು ಮೊಳೆಗೂ ಒಬ್ಬೊಬ್ಬ ಗಿರಾಕಿಯ ಪೇಪರ್ ಕಟಿಂಗ್: ಅವರವರ ಮೈಯಳತೆಗೆ ಖಾಕಿ ಕಾಗದದಲ್ಲಿ ಕತ್ತರಿಸಿಟ್ಟ ತೋಳು, ಎದೆ, ಬೆನ್ನು. ಅದನ್ನು ಬಟ್ಟೆಯ ಮೇಲಿಟ್ಟು ಸುತ್ತ ಸೀಮೆಸುಣ್ಣದ ಗೆರೆ ಎಳೆದರೆ ಅರ್ಧ ಕೆಲಸ ಮುಗಿದಂತೆ.

ಆ ಕಾಗದಗಳ ಹಿಂಬದಿಯಲ್ಲಿ, ಇರುವೆ ಸಾಲಿನಂಥ ಪೆನ್ಸಿಲ್ ಅಕ್ಷರದಲ್ಲಿ, ಅವಳು ತನ್ನ ಬದುಕನ್ನು ಬರೆಯುತ್ತಿದ್ದಳು.

ನೋಟ್‌ಬುಕ್ಕಿನಲ್ಲಿ ಬರೆಯುವಂತಿರಲಿಲ್ಲ. ಸರ್ಕಾರ ಹಿಡಿದುಕೊಂಡು ಹೋದವರ ಮನೆಗಳಿಗೆ ಆಗಾಗ ತಪಾಸಣೆ ಬರುತ್ತಿತ್ತು. ಕೈಬರಹದ ಒಂದು ಚೀಟಿ ಸಿಕ್ಕರೂ ಮನೆಮಂದಿಯೆಲ್ಲ ಠಾಣೆಯ ಬೆಂಚಿನ ಮೇಲೆ. ಅವಳ ಗಂಡ ಅಚ್ಚುಕೂಟದಲ್ಲಿ ಅಕ್ಷರ ಜೋಡಿಸುವವ. ಕಾಣೆಯಾದವರ ಹೆಸರುಗಳನ್ನು ಒಂದು ಕರಪತ್ರಕ್ಕೆ ಜೋಡಿಸಿಕೊಟ್ಟ. ಮೂರನೆಯ ದಿನ ಮಧ್ಯಾಹ್ನ ಅವನನ್ನೂ ಕರೆದೊಯ್ದರು. ಆತ ಸಂಸಾರ ತೊರೆದು ಗಡಿ ದಾಟಿ ಓಡಿಹೋಗಿದ್ದಾನೆ ಎಂದು ಆಮೇಲೊಂದು ಸರ್ಕಾರಿ ಪತ್ರ ಬಂತು.

ಆಗ ಮಗಳಿಗೆ ಎರಡು ವರ್ಷ. ಈಗ ಹದಿನಾಲ್ಕು. ಶಾಲೆಯಲ್ಲಿ ಆ ಪತ್ರದ ಮಾತನ್ನೇ ಅವಳಿಗೆ ಹೇಳಿಕೊಟ್ಟಿದ್ದರು, ಅವಳೂ ಅದನ್ನೇ ನಂಬಿದ್ದಳು. ಅಪ್ಪನ ಮಾತು ಬಂದರೆ ಮುಖ ಗಂಟಿಕ್ಕಿಕೊಂಡು ಒಳಗೆ ಹೋಗುತ್ತಿದ್ದಳು. ನಿಜ ಹೇಳೋಣವೆಂದರೆ ಮಕ್ಕಳ ಬಾಯಿ. ತರಗತಿಯಲ್ಲಿ ಒಂದು ಮಾತು ಜಾರಿದರೆ ಮುಗಿಯಿತು. ಹಾಗಾಗಿ ತಾಯಿ ಬರೆದಿಟ್ಟಳು. ದೊಡ್ಡವಳಾದ ಮೇಲೆ ಓದಲಿ, ಅಪ್ಪ ಬಿಟ್ಟುಹೋದವನಲ್ಲ ಎಂದು ತಿಳಿಯಲಿ. ಅದೊಂದೇ ಆಸೆ.

ಬಾಲ್ಯವೆಲ್ಲ ತೋಳುಗಳ ಮೇಲೆ, ಮದುವೆ ಕಾಲರುಗಳ ಮೇಲೆ. ಗಂಡ ಹೋದ ದಿನವನ್ನು ಮಾತ್ರ ಅಗಲವಾದ ಕಾಗದ ಹುಡುಕಿ, ಅಂಚೆ ಕಚೇರಿಯ ಮೇಡಂ ಅವರ ಕೋಟಿನ ಬೆನ್ನಿಗೆ ಬರೆದಳು. ಆ ಮೇಡಂ ಹತ್ತು ವರ್ಷಕ್ಕೊಂದು ಕೋಟು ಹೊಲಿಸುವವರು. ಅಷ್ಟು ಭದ್ರವಾದ ಕಾಗದ ಇನ್ನೊಂದಿರಲಿಲ್ಲ.

ಒಮ್ಮೆ ತಪಾಸಣೆಗೆ ಬಂದ ಪೇದೆ ಮೊಳೆಯಿಂದ ಒಂದು ಕಾಗದ ತೆಗೆದು ಓದತೊಡಗಿದ. "ಇನ್‌ಸ್ಪೆಕ್ಟರ್ ಸಾಹೇಬರ ಮನೆಯವರು. ಸೊಂಟ ನಲವತ್ತನಾಲ್ಕು..."

ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ಟೈಲರಕ್ಕನ ಅತ್ತೆ ತಲೆಯೆತ್ತದೆ, "ಇನ್ನೂ ಸ್ವಲ್ಪ ಗಟ್ಟಿಯಾಗಿ ಓದಪ್ಪ, ಸಾಹೇಬರಿಗೂ ಕೇಳಿಸಲಿ" ಎಂದಳು. ಪೇದೆ ಕಾಗದ ತಿರುಗಿಸಿಯೂ ನೋಡದೆ ಮೊಳೆಗೆ ಸಿಕ್ಕಿಸಿ ಹೊರಟುಹೋದ.

ಅತ್ತೆಗೆ ಓದು ಬರುತ್ತಿರಲಿಲ್ಲ. ಕಾಗದದ ಹಿಂದೆ ಮುಂದೆ ಏನಿದ್ದರೂ ಅವಳ ಪಾಲಿಗೆ ಅಳತೆಯೇ. ಎಡವಟ್ಟಾದದ್ದೇ ಅಲ್ಲಿ.

ಕಾಯಿಲೆ ಬಿದ್ದು ಎದ್ದ ಅಂಚೆ ಮೇಡಂ ಹೊಸ ಕೋಟಿಗೆಂದು ಬಂದರು. ಟೈಲರಕ್ಕ ದಾರ ತರಲು ಪೇಟೆಗೆ ಹೋಗಿದ್ದಳು. ಮೇಡಂ ಸೊರಗಿ ಅರ್ಧವಾಗಿದ್ದರು. ಸೊಸೆಗೆ ಒಂದು ಕೆಲಸ ಕಡಿಮೆಯಾಗಲಿ ಎಂದು ಅತ್ತೆ ಹಳೆಯ ಕೋಟಿನ ಬೆನ್ನಿನ ಕಾಗದವನ್ನು ಎರಡೂ ಪಕ್ಕ ಎರಡೆರಡು ಬೆರಳಗಲ ಕತ್ತರಿಸಿ, ಚೂರನ್ನು ಒಲೆಗೆ ಹಾಕಿದಳು.

ಟೈಲರಕ್ಕ ಬಂದು ನೋಡುತ್ತಾಳೆ, ಒಂದು ಸಾಲಿಗೂ ತಲೆಯಿಲ್ಲ, ಬಾಲವಿಲ್ಲ. ಮೇಜಿಗೆ ಕೈಯೂರಿ ಕೂತುಬಿಟ್ಟಳು.

"ಯಾಕೆ, ಅಳತೆ ತಪ್ಪಿತಾ?"

"ಅಳತೆ ಅಲ್ಲ ಅತ್ತೆ. ನಿಮ್ಮ ಮಗನನ್ನ ಕರ್ಕೊಂಡು ಹೋದ ದಿನಾನ ಇದರಲ್ಲಿ ಬರೆದಿದ್ದೆ."

ಅತ್ತೆ ಕತ್ತರಿಯನ್ನು ಮೆಲ್ಲಗೆ ಕೆಳಗಿಟ್ಟಳು. "ಆವತ್ತು ನೀನೆಲ್ಲಿದ್ದೆ? ಬಟ್ಟೆ ಕೊಡೋಕೆ ಹೋಗಿದ್ದೆ. ನೀನು ಬರೋ ಹೊತ್ತಿಗೆ ಅವನು ಜೀಪು ಹತ್ತಿದ್ದ. ಮನೇಲಿದ್ದಿದ್ದು ನಾನು."

"ಒಂದು ದಿನಾನೂ ಹೇಳಲಿಲ್ಲ ನೀವು."

"ನೀನು ಕೇಳಲಿಲ್ಲ. ಆರಿದ ಗಾಯ ಯಾಕೆ ಕೆರೀಲಿ ಅಂತ ನಾನೂ ಸುಮ್ಮನಿದ್ದೆ."

ಒಳಕೋಣೆಯ ಪರದೆ ಸರಿಯಿತು. ಅಲ್ಲಿ ಮಗಳು ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಮೇಜಿನ ಮೇಲಿದ್ದ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡು ಬಾಯಿಬಿಟ್ಟು ಓದತೊಡಗಿದಳು. ತಾಯಿ ಬಾಗಿಲಿಗೆ ಚಿಲಕ ಹಾಕಿ, ಯಂತ್ರದ ಮುಂದೆ ಕೂತು, ಸೂಜಿಯ ಕೆಳಗೆ ಬಟ್ಟೆಯೇ ಇಲ್ಲದೆ ಪೆಡಲು ತುಳಿದಳು. ಬೀದಿಗೆ ಆ ಸದ್ದೊಂದೇ ಕೇಳಿಸಲಿ.

ಸಾಲು ತುಂಡಾದಲ್ಲೆಲ್ಲ ಹುಡುಗಿ ನಿಲ್ಲುವಳು. ತಾಯಿ ನೆನಪಿನಿಂದ ಉಳಿದ ಪದ ಹೇಳುವಳು. "ಅವರು ಬಂದಾಗ ಅವನು" ಎಂಬಲ್ಲಿ ತಾಯಿಯೂ ತಡವರಿಸಿದಳು. ಅಲ್ಲಿ ಅವಳು ಬರೆದದ್ದು ಬರೀ ಊಹೆ.

"ಸೂಜಿಗೆ ದಾರ ಪೋಣಿಸ್ತಿದ್ದ," ಅಜ್ಜಿ ಹೇಳಿದಳು. "ನನಗೆ ಕಣ್ಣು ಮಂಜಲ್ಲವಾ. ಬೀದಿ ಕೊನೇಲಿ ಜೀಪು ಬಂದಿದ್ದು ಅವನಿಗೆ ಕಂಡಿತ್ತು. ಹಿತ್ತಲ ಬಾಗಿಲು ತೆಗೆದೇ ಇತ್ತು. ಹೋಗೋ ಮಗನೇ ಅಂದೆ. ನಾನು ಹೋದ್ರೆ ನಿಮ್ಮನ್ನ ಹಿಡೀತಾರಮ್ಮ, ಮೆಲ್ಲಗೆ ಮಾತಾಡು, ಪುಟ್ಟಿ ಮಲಗಿದಾಳೆ ಅಂದ. ಇದ್ದಬದ್ದ ಸೂಜಿಗೆಲ್ಲ ದಾರ ಪೋಣಿಸಿ ಸೂಜಿ ದಿಂಬಿಗೆ ಚುಚ್ಚಿಟ್ಟ. ಕೊನೇದಕ್ಕೆ ಗಂಟು ಹಾಕೋಕೆ ಅವರು ಬಿಡಲಿಲ್ಲ."

ಹುಡುಗಿ ಕಾಗದದಿಂದ ಕಣ್ಣೆತ್ತಲಿಲ್ಲ. "ಅಂದ್ರೆ, ಓಡಿಹೋಗಬಹುದಿತ್ತು."

"ಹೋಗಬಹುದಿತ್ತು ಕಣೆ."

"ನಾನೆಲ್ಲಿ ಮಲಗಿದ್ದೆ?"

"ಅವನ ಕಾಲ ಹತ್ರಾನೇ. ಅವನ ಪಂಚೆ ತುದಿ ಹಿಡ್ಕೊಂಡಿದ್ದೆ. ಬಿಡಿಸಿಕೊಳ್ಳೋಕೆ ಸ್ವಲ್ಪ ಹೊತ್ತು ಹಿಡೀತು ಅವನಿಗೆ."

ಯಂತ್ರದ ಸದ್ದು ನಿಂತಿತ್ತು. ತಾಯಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಹುಡುಗಿ ಹೋಗಿ ಅವಳ ಹೆಗಲ ಮೇಲೆ ಕೈಯಿಟ್ಟಳು.

"ತುಳಿ ಅಮ್ಮ, ನಿಲ್ಲಿಸಬೇಡ," ಎಂದಳು ಪಿಸುದನಿಯಲ್ಲಿ. "ಹೊರಗೆ ಕೇಳಿಸುತ್ತೆ."

ಹನ್ನೆರಡು ವರ್ಷ ಆ ಬಾಯಿಗೆ ಹೆದರಿದ್ದ ತಾಯಿ ಮತ್ತೆ ಪೆಡಲಿನ ಮೇಲೆ ಕಾಲಿಟ್ಟಳು. ಹುಡುಗಿ ಹೊಸ ಖಾಕಿ ಹಾಳೆ ಹಾಸಿ, ಪೆನ್ಸಿಲ್ ತೆಗೆದುಕೊಂಡು ಅಜ್ಜಿಯ ಪಕ್ಕ ಒತ್ತಿ ಕೂತಳು.

"ಈಗ ಮೊದಲಿಂದ ಹೇಳಜ್ಜಿ."